ತಣಿಸಂದ್ರದಿಂದ ಸಮುದ್ರಕ್ಕೆ

ಬೆಂಗಳೂರಿನ ಸುತ್ತಮುತ್ತ ‘ಸಂದ್ರ’ಗಳಿಗೆ ಬರವಿಲ್ಲ. ಬೊಮ್ಮಸಂದ್ರ, ಸಿಂಗಸಂದ್ರ, ಚನ್ನಸಂದ್ರ. ಉತ್ತರಕ್ಕೆ ಬಂದರೆ ನಮ್ಮ ತಣಿಸಂದ್ರ. ಸಂದ್ರವೆಂದರೆ ಬೇರೇನೂ ಅಲ್ಲ, ಸಮುದ್ರವೇ. ಜನರ ನಾಲಗೆಯ ಮೇಲೆ ತಲೆಮಾರುಗಳ ಕಾಲ ಉರುಳಿ, ಸವೆದು, ಸಣ್ಣದಾದ ಸಮುದ್ರ. ಕೆರೆ ಕಟ್ಟಿಸಿದ ಹಿರಿಯರು ಅಭಿಮಾನದಿಂದ ಅದನ್ನು ಸಮುದ್ರವೆಂದು ಕರೆದರು. ಕೆರೆಯ ಆಸರೆಯಲ್ಲಿ ಬೆಳೆದ ಊರಿಗೂ ಅದೇ ಹೆಸರು ನಿಂತಿತು. ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಹೆಸರಿನಲ್ಲೂ ಇದೇ ಸಮುದ್ರವುಂಟು. ಉಪ್ಪುನೀರನ್ನು ಕಾಣದ ಒಳನಾಡಿನವರಿಗೆ, ಆಚೆಯ ದಡ ಮಸುಕಾಗಿ ತೋರಿದ ನೀರೆಲ್ಲವೂ ಸಮುದ್ರವೇ ಆಗಿದ್ದಿರಬೇಕು.

ಇಂದು ನಾಗವಾರದ ಕೂಡುರಸ್ತೆಯಿಂದ ತಣಿಸಂದ್ರದತ್ತ ಹೊರಟವರಿಗೆ ಈ ಮಾತು ಹೇಳಿದರೆ ನಕ್ಕಾರು. ರಸ್ತೆಯ ಇಕ್ಕೆಲಗಳಲ್ಲಿ ಬಹುಮಹಡಿಯ ವಸತಿಗಳು, ಅವುಗಳ ನಡುವೆ ನೀರಿನ ಟ್ಯಾಂಕರುಗಳ ಓಡಾಟ. ಆದರೂ ಪಕ್ಕದಲ್ಲೇ ರಾಚೇನಹಳ್ಳಿಯ ಕೆರೆಯಿದೆ. ಯಲಹಂಕದ ಕೆರೆಯ ಹೆಚ್ಚಿನ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಹರಿದು, ಕೆರೆಯಿಂದ ಕೆರೆಗೆ ಇಳಿಯುತ್ತ ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನಗರದ ಪಶ್ಚಿಮ ಭಾಗದ ನೀರೂ ವೃಷಭಾವತಿ, ಅರ್ಕಾವತಿ, ಕಾವೇರಿಗಳ ದಾರಿಯಾಗಿ ಅದೇ ಪೂರ್ವ ಸಮುದ್ರದ ಪಾಲು. ಪಶ್ಚಿಮ ಸಮುದ್ರಕ್ಕೆ ಬೆಂಗಳೂರಿನಿಂದ ಒಂದು ಹನಿಯೂ ಹೋಗುವುದಿಲ್ಲ. ಹೋಗಬೇಕೆಂದರೆ ಬೆಂಗಳೂರಿನವರೇ ಹೋಗಬೇಕು!

ನಾವು ಹೋದದ್ದು ಡಾಲ್ಫಿನ್ ನೋಡಲು. ಮಗಳ ಪಾಠದ ಪುಸ್ತಕದಲ್ಲಿ ಅದರ ಚಿತ್ರವಿತ್ತು. ಅವಳಿಗೂ ಅವಳ ಅಣ್ಣನಿಗೂ ಅದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಹುಟ್ಟಿತು. ಯಜಮಾನರಿಗೆ ರಜೆ ಸಿಕ್ಕುವುದು ವಾರಾಂತ್ಯದಲ್ಲಿ ಮಾತ್ರ. ಆದ್ದರಿಂದ ‘ಒಂದೇ ದಿನದ ಪ್ರವಾಸ’ ಎಂಬ ಕಟ್ಟಳೆ. ಇದಕ್ಕೆಲ್ಲ ತೂಕ ತಂದದ್ದು ನಮ್ಮ ಅತ್ತೆಯವರ ಮಾತು. ಎಪ್ಪತ್ತು ದಾಟಿದ ಅವರು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದವರು, ತಲೆಯೆತ್ತದೆ ಹೇಳಿದರು: “ಸಂದ್ರದಲ್ಲೇ ಹುಟ್ಟಿದೆ, ಸಂದ್ರದಲ್ಲೇ ಮುದುಕಿಯಾದೆ. ಸಮುದ್ರ ಮಾತ್ರ ನೋಡಲಿಲ್ಲ.” ಅವರ ಮಂಡಿ ಇನ್ನೆಷ್ಟು ವರ್ಷ ಪ್ರಯಾಣಕ್ಕೆ ಒಪ್ಪೀತೋ ಯಾರು ಬಲ್ಲರು? ಅಂದಿನಿಂದ ಅದು ಮಕ್ಕಳ ಹಟವಾಗಿ ಉಳಿಯಲಿಲ್ಲ.

ನಕ್ಷೆಯನ್ನು ಹರಡಿ ನೋಡಿದರೆ ಬೆಂಗಳೂರಿನ ಸ್ಥಾನ ವಿಚಿತ್ರವಾದದ್ದು. ಎತ್ತ ಹೊರಟರೂ ಕಡಲು ಮುನ್ನೂರು ಕಿಲೋಮೀಟರಿಗಿಂತ ದೂರ. ಚೆನ್ನೈಗೆ ವೇಗದ ರೈಲುಗಳಿವೆ. ಮುಂಜಾನೆ ಹೋಗಿ ರಾತ್ರಿಗೆ ಹಿಂದಿರುಗಬಹುದು. ಅಲ್ಲಿ ಕಡಲು ಸಿಕ್ಕೀತು, ಡಾಲ್ಫಿನ್ ಸಿಕ್ಕುವ ಭರವಸೆ ಕಡಿಮೆ. ವಿಮಾನದ ಯೋಚನೆಯೂ ಬಂತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ, ತಣಿಸಂದ್ರದವರಿಗೆ ಮೆಜೆಸ್ಟಿಕ್ ತಲುಪುವುದಕ್ಕಿಂತ ವಿಮಾನವೇರುವುದೇ ಸುಲಭವೆಂದು ನೆರೆಯವರು ಹಾಸ್ಯ ಮಾಡುವುದುಂಟು. ಗೋವೆಗೆ ಗಂಟೆಯ ಮೇಲೆ ಸ್ವಲ್ಪ ಹೊತ್ತಿನ ಹಾರಾಟ. ಆದರೆ ಇಳಿದು, ವಾಹನ ಹಿಡಿದು, ದೋಣಿಯೇರುವ ಹೊತ್ತಿಗೆ ನಡುಹಗಲು. ಮಧ್ಯಾಹ್ನವಾದಂತೆ ಕಡಲಗಾಳಿ ಎದ್ದು ನೀರಿನ ಮೇಲೆ ಬಿಳಿನೊರೆ ಕಾಣಿಸಿಕೊಳ್ಳುತ್ತದೆ. ಆ ನೊರೆಯ ನಡುವೆ ಡಾಲ್ಫಿನ್ನಿನ ಬೆನ್ನನ್ನು ಗುರುತಿಸುವುದು ಪಳಗಿದ ಕಣ್ಣಿಗೇ ಕಷ್ಟ. ಐದು ಜನರ ಹೋಗಿಬರುವ ಟಿಕೆಟ್ಟಿನ ಮೊತ್ತವನ್ನು ಕೂಡಿಸಿದ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ನಮ್ಮ ಕರಾವಳಿಯೇ. ಮಲ್ಪೆಯ ಕಡಲಲ್ಲಿ ಡಾಲ್ಫಿನ್ ಕಾಣುವುದುಂಟು. ಅಲ್ಲಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಬೇರೆಯಾಗಿಯೇ ನೋಡತಕ್ಕವು. ಮುರುಡೇಶ್ವರ, ಗೋಕರ್ಣಗಳೂ ಇವೆ. ನಾವು ಆರಿಸಿಕೊಂಡದ್ದು ಕಾರವಾರವನ್ನು. ಜೋಯಿಡಾ ಸೀಮೆಯ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಒಂದೇ ಜಿಲ್ಲೆಯೊಳಗೆ 184 ಕಿಲೋಮೀಟರ್ ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಸಿಹಿನೀರು ಉಪ್ಪುನೀರುಗಳು ಬೆರೆಯುವಲ್ಲಿ ಮೀನು ಹೇರಳ. ಮೀನು ಹೇರಳವಾದಲ್ಲಿ ಡಾಲ್ಫಿನ್. ಎದುರಿಗೆ ಸಾಲುಗಟ್ಟಿದ ದ್ವೀಪಗಳು ದೊಡ್ಡ ಅಲೆಗಳನ್ನು ತಡೆಯುವುದರಿಂದ ವಯಸ್ಸಾದವರನ್ನೂ ಧೈರ್ಯದಿಂದ ದೋಣಿಗೆ ಹತ್ತಿಸಬಹುದು.

ದೂರವೇನೋ ರಸ್ತೆಯಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು. ಆದರೆ ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ ಬೆಳಗ್ಗೆ ಕಾರವಾರದಲ್ಲಿ ಇಳಿಸುತ್ತದೆ. ಅಂದೇ ಸಂಜೆ ಅದರ ಜೊತೆಗಾಡಿ ಕಾರವಾರದಿಂದ ಹೊರಟು ಮರುದಿನ ಬೆಳಗ್ಗೆ ಊರಿಗೆ ತಲುಪಿಸುತ್ತದೆ. ಎರಡು ರಾತ್ರಿಗಳ ನಡುವೆ ಒಂದು ಇಡೀ ಹಗಲು. ಒಂದು ದಿನದ ಪ್ರವಾಸವೆಂಬ ಮಾತಿಗೆ ಇದಕ್ಕಿಂತ ಪ್ರಾಮಾಣಿಕವಾದ ಅರ್ಥ ಬೆಂಗಳೂರಿನವರಿಗೆ ದೊರೆಯದೆಂದು ನನ್ನ ಎಣಿಕೆ. ರೈಲ್ವೆಯವರು 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿದ್ದಾರೆ. ಅತ್ತೆಯವರಿಗೆ ಕೆಳಗಿನ ಮಲಗುವ ಸ್ಥಳ ಬೇಕೆಂದು ಅರವತ್ತನೆಯ ದಿನವೇ ಟಿಕೆಟ್ ಪಡೆದೆವು.

ಕಾಲವನ್ನೂ ಆರಿಸಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮಳೆಗಾಲದ ಕಡಲು ಪ್ರವಾಸಿಗರಿಗೆ ಸಲ್ಲದು. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ನೀರು ಎಣ್ಣೆಯಂತೆ ಶಾಂತವಾಗಿರುತ್ತದೆ. ನಾವು ಡಿಸೆಂಬರನ್ನು ಗೊತ್ತುಮಾಡಿಕೊಂಡೆವು.

ಕಾರವಾರದಲ್ಲಿ ಕಾಣುವ ಡಾಲ್ಫಿನ್ ಸಿನಿಮಾಗಳಲ್ಲಿ ಚೆಂಡಿಗಾಗಿ ನೆಗೆಯುವಂಥದಲ್ಲ. ಅದು ಗೂನುಬೆನ್ನಿನ ಡಾಲ್ಫಿನ್. ಬೆನ್ನಿನ ಮೇಲೊಂದು ದಿಣ್ಣೆ, ದಿಣ್ಣೆಯ ಮೇಲೆ ಚಿಕ್ಕ ಈಜುರೆಕ್ಕೆ, ಬೂದು ಮೈ; ಉದ್ದ ಎರಡೂವರೆ ಮೀಟರಿನ ಆಸುಪಾಸು. ಫ್ರೆಂಚ್ ವಿಜ್ಞಾನಿ ಕುವಿಯೇ 1829ರಲ್ಲಿ ಇದನ್ನು ವರ್ಣಿಸಿದ್ದು ನಮ್ಮ ನೆರೆಯ ಮಲಬಾರ್ ಕರಾವಳಿಯಲ್ಲಿ ದೊರೆತ ಪ್ರಾಣಿಯಿಂದಲೇ. ಸೀಸದ ಬಣ್ಣವೆಂಬ ಅರ್ಥದ ಲ್ಯಾಟಿನ್ ಶಬ್ದ ಇದರ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಮೀನಿನಂತೆ ಕಂಡರೂ ಇದು ಮೀನಲ್ಲ. ಮರಿಗೆ ಹಾಲೂಡಿಸುವ, ಗಾಳಿಯನ್ನೇ ಉಸಿರಾಡುವ ಸಸ್ತನಿ. ಹೆಣ್ಣು ಸುಮಾರು ಮೂರು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುತ್ತದೆ. ಬಸುರು ಹತ್ತು-ಹನ್ನೆರಡು ತಿಂಗಳು. “ನಮ್ಮ ಹಾಗೆಯೇ ಆಯಿತಲ್ಲ!” ಎಂದರು ಅತ್ತೆ.

ಇದು ಆಳದ ಕಡಲಿಗೆ ಹೋಗದೆ ದಡದ ಸಮೀಪದಲ್ಲೇ ಬಾಳುತ್ತದೆ. ನಮಗೆ ಸುಲಭವಾಗಿ ಕಾಣಲು ಇದೇ ಕಾರಣ. ಅದರ ಸಂಕಟಕ್ಕೂ ಇದೇ ಕಾರಣ. ಬಂದರು, ಬಲೆ, ಊರಿನ ಕೊಳೆನೀರು, ದೋಣಿಗಳ ಸಂಚಾರ ಎಲ್ಲವೂ ದಡದ ಸಮೀಪದಲ್ಲೇ ತಾನೆ? ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ಬಲೆಗಳಿಗೆ ಸಿಕ್ಕಿದರೆ ಮೇಲೆ ಬಂದು ಉಸಿರೆಳೆಯಲಾರದೆ ಸಾಯುತ್ತದೆ. 2017ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಗೆ ಯಾವ ಅನುಸೂಚಿಯ ರಕ್ಷಣೆಯುಂಟೋ ಡಾಲ್ಫಿನ್ನಿಗೂ ಅದೇ ಉಂಟು.

ನಗರದಲ್ಲೇ ಒಂದು ಕೊಳ ಕಟ್ಟಿ ಇವನ್ನು ಸಾಕಿದರೆ ಇಷ್ಟೆಲ್ಲ ತಿರುಗಾಟ ಏಕೆಂದು ಮಗ ಕೇಳಿದ. ಅದೂ ಆಗಿಹೋಗಿದೆ. 1998ರಲ್ಲಿ ಚೆನ್ನೈ ಸಮೀಪದ ಒಂದು ವಿಹಾರಸ್ಥಳಕ್ಕೆ ಬಲ್ಗೇರಿಯದಿಂದ ಡಾಲ್ಫಿನ್‌ಗಳನ್ನು ತರಿಸಿದ್ದರು. ಅವು ಕೆಲವೇ ತಿಂಗಳಲ್ಲಿ ಸತ್ತವು. 2013ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಇಂಥ ಪ್ರದರ್ಶನಗಳಿಗೆ ಅನುಮತಿಯಿಲ್ಲವೆಂದು ತೀರ್ಮಾನಿಸಿತು. ಆದ್ದರಿಂದ ಭಾರತದಲ್ಲಿ ಡಾಲ್ಫಿನ್ ನೋಡಬಯಸುವವರು ಅದರ ಮನೆಗೇ ಹೋಗಬೇಕು. ಅದು ಮನೆಯಲ್ಲಿದೆಯೋ ಇಲ್ಲವೋ ಎಂದು ಮೊದಲೇ ತಿಳಿಯುವ ಉಪಾಯವಿಲ್ಲ.

ಶುಕ್ರವಾರ ಮಧ್ಯಾಹ್ನವೇ ಮನೆ ಬಿಟ್ಟೆವು. ಹೆಬ್ಬಾಳದ ಮೇಲುಸೇತುವೆಯ ಸಂಜೆಯ ಗದ್ದಲವನ್ನು ಬಲ್ಲವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ. ಚಪಾತಿ, ಪಲ್ಯ, ಮೊಸರನ್ನ, ಬೆಳಗಿಗೆ ಚಟ್ನಿಪುಡಿ ಸವರಿದ ಇಡ್ಲಿ; ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ; ದೋಣಿಯಲ್ಲಿ ತಲೆಸುತ್ತು ಬರುವವರಿಗೆ ವೈದ್ಯರನ್ನು ಕೇಳಿ ತಂದ ಗುಳಿಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆ. ಅವನ್ನೆಲ್ಲ ಎಣಿಸುವೆನೆಂದು ಪಣ ತೊಟ್ಟಿದ್ದ ಮಗ ಹಾಸನದಲ್ಲೇ ನಿದ್ದೆಹೋದ. ಕತ್ತಲಲ್ಲಿ ಗಾಡಿ ನಿಧಾನವಾಗಿ ನರಳುತ್ತ ಇಳಿಯುವಾಗ ನನಗೆ ಎಚ್ಚರವಾಗಿತ್ತು. ಹೇಮಾವತಿಯನ್ನು ದಾಟುವವರೆಗೂ ನೀರೆಲ್ಲ ಪೂರ್ವಕ್ಕೆ. ಘಟ್ಟದ ಅಂಚು ಕಳೆದ ಮೇಲೆ ಕೆಳಗೆ ಸದ್ದುಮಾಡುವ ಹಳ್ಳಗಳೆಲ್ಲ ಪಶ್ಚಿಮಕ್ಕೆ.

ಬೆಳಕು ಹರಿದಾಗ ತೆಂಗಿನ ತೋಟಗಳು, ಕೆಂಪು ಹೆಂಚಿನ ಮನೆಗಳು. ಹೊನ್ನಾವರದ ಬಳಿ ಗಾಡಿ ಶರಾವತಿಯ ಸೇತುವೆಯನ್ನೇರಿತು. 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಇದೇ ಅತ್ಯಂತ ಉದ್ದದ ಸೇತುವೆ. ಎರಡು ಕಿಲೋಮೀಟರಿಗೂ ಹೆಚ್ಚು. ಅತ್ತೆ ಕಿಟಕಿಯ ಸರಳು ಹಿಡಿದು ನೋಡಿದರು.

“ಇದೇನಮ್ಮ ಸಮುದ್ರ?”

“ಅಲ್ಲ ಅತ್ತೆ, ಇದು ಶರಾವತಿ.”

“ನದಿಯೇ ಹೀಗಿದ್ದರೆ ಇನ್ನು ಅದು ಹೇಗಿದ್ದೀತು!”

ಕಾರವಾರದ ನಿಲ್ದಾಣವಿರುವುದು ಪಟ್ಟಣದ ಹೊರಗೆ, ಶಿರವಾಡದಲ್ಲಿ. ಅಲ್ಲಿಂದ ನೆಟ್ಟಗೆ ಕೋಡಿಬಾಗದ ದಕ್ಕೆಗೆ ಹೋದೆವು. ಹೋಟೆಲು, ಸ್ನಾನ, ವಿಶ್ರಾಂತಿಯೆಂದು ಬೆಳಗನ್ನು ಕಳೆಯುವವರಿಗೆ ಕಡಲಿನ ಶಾಂತವಾದ ಗಳಿಗೆ ತಪ್ಪಿಹೋಗುತ್ತದೆ. ಕಾಳಿಯ ಅಗಲವಾದ ಅಳಿವೆ, ಆಚೆ ದಡದಲ್ಲಿ ದೇವಬಾಗದ ಗಾಳಿಮರಗಳ ಸಾಲು, ಸದಾಶಿವಗಡದ ಗುಡ್ಡ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿದ್ದ ಹಳೆಯ ಕಾಳಿ ಸೇತುವೆಯ ಮಾತನ್ನು ಆಟೋ ಚಾಲಕರೇ ತೆಗೆದರು.

ದಕ್ಕೆಯಲ್ಲಿ ದೋಣಿ ಗೊತ್ತುಮಾಡುವಾಗ ನಡೆದ ಮಾತುಕತೆಯನ್ನು ಓದುಗರಿಗೆ ವಿವರವಾಗಿ ಹೇಳಬೇಕು. ನಡುವಯಸ್ಸಿನ ದೋಣಿಯವರೊಬ್ಬರು, “ಡಾಲ್ಫಿನ್ ತೋರಿಸುವುದು ಗ್ಯಾರಂಟಿ ಸರ್, ಕಾಣದಿದ್ದರೆ ದುಡ್ಡು ಬೇಡ” ಎಂದರು. ಯಜಮಾನರ ಮುಖ ಅರಳಿತು. ನನಗೆ ಮಾತ್ರ ಆ ಗ್ಯಾರಂಟಿಯೇ ಹಿಡಿಸಲಿಲ್ಲ. ಕಾಡುಪ್ರಾಣಿಯನ್ನು ತೋರಿಸುವ ಭರವಸೆಯನ್ನು ಯಾರಾದರೂ ಹೇಗೆ ಕೊಟ್ಟಾರು? ಅಟ್ಟಿಸಿಕೊಂಡು ಹೋದರೆ ಮಾತ್ರ.

“ಕಂಡರೂ ಕಾಣದಿದ್ದರೂ ಒಪ್ಪಿದ ಹಣ ಕೊಡುತ್ತೇವೆ. ಆದರೆ ಬೆನ್ನುಹತ್ತಿ ಓಡಿಸುವುದು ಬೇಡ. ಒಂದೆಡೆ ನಿಲ್ಲಿಸಿ, ಕಾಯೋಣ” ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. “ಹೀಗೆ ಹೇಳುವವರು ಕಡಿಮೆ ಅಮ್ಮ. ಕಾಣದಿದ್ದರೆ ಜನ ಜಗಳಕ್ಕೆ ಬರುತ್ತಾರೆ. ಅದಕ್ಕೇ ನಾವು ಓಡಿಸುವುದು. ಡೀಸೆಲು ಸುಡುವುದು ನಮಗೇನು ಇಷ್ಟವೇ?”

ತಪ್ಪು ದೋಣಿಯವರದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಗ್ಯಾರಂಟಿಯನ್ನು ಕೇಳಿದವರು ನಗರದಿಂದ ಹೋದ ನಾವೇ. ಡಾಲ್ಫಿನ್ ತನ್ನ ದಾರಿಯನ್ನೂ ಆಹಾರವನ್ನೂ ಶಬ್ದದಿಂದಲೇ ಅರಿಯುತ್ತದೆ. ತಾನು ಹೊರಡಿಸಿದ ಸದ್ದಿನ ಮರುದನಿಯೇ ಅದಕ್ಕೆ ಮಬ್ಬುನೀರಿನಲ್ಲಿ ಕಣ್ಣು. ಮೂರು ನಾಲ್ಕು ಯಂತ್ರದೋಣಿಗಳು ಸುತ್ತುವರಿದು ಗರ್ಜಿಸಿದರೆ ಬೇಟೆ ಕೈಬಿಟ್ಟು ಓಡಬೇಕು. ಮರಿಯಿದ್ದರೆ ತಾಯಿಯಿಂದ ಅಗಲುವ ಭಯ. ದಿನಕ್ಕೆ ಹಲವು ಬಾರಿ, ವಾರಾಂತ್ಯದ ಮೇಲೆ ವಾರಾಂತ್ಯ ಹೀಗಾದರೆ ಆ ಪ್ರಾಣಿ ಉಣ್ಣುವುದು ಯಾವಾಗ, ಮರಿಗೆ ಹಾಲೂಡಿಸುವುದು ಯಾವಾಗ? ಕನಿಷ್ಠ 50 ಮೀಟರ್ ದೂರದಲ್ಲಿರಬೇಕು, ಎದುರಿನಿಂದಾಗಲಿ ಹಿಂದಿನಿಂದಾಗಲಿ ನುಗ್ಗಬಾರದೆಂಬುದು ಅನೇಕ ದೇಶಗಳಲ್ಲಿರುವ ಕಟ್ಟಳೆ.

ಇನ್ನೊಂದು ಮಾತನ್ನೂ ಕೇಳಿಯೇ ದೋಣಿಯೇರಿದೆವು: ಜೀವರಕ್ಷಕ ಅಂಗಿ ಎಲ್ಲರಿಗೂ ಉಂಟೆ? 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿದ್ದ ದೋಣಿಯೊಂದು ಇದೇ ನೀರಿನಲ್ಲಿ ಮಗುಚಿ, ಮಕ್ಕಳೂ ಸೇರಿ 16 ಜನ ತೀರಿಕೊಂಡರು. ಶಾಂತವಾಗಿ ತೋರುವ ನೀರೆಂದು ಸಸಾರ ಸಲ್ಲದು. ಹತ್ತಿರದ ದೋಣಿಯಲ್ಲಿ ಜನ ಹೆಚ್ಚಾಗಿ ಕಂಡರೆ ಮುಂದಿನದಕ್ಕೆ ಕಾಯಿರಿ. ಅರ್ಧ ಗಂಟೆಯಿಂದ ಪ್ರವಾಸ ಕೆಡುವುದಿಲ್ಲ. ಹಸಿರು ಸೀರೆಯ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಅತ್ತೆಯನ್ನು ದೋಣಿಯವರು ಕೈಹಿಡಿದು, “ನಿಧಾನ ಅಜ್ಜಿ, ಬಲಗಾಲು ಮೊದಲು” ಎನ್ನುತ್ತ ಇಳಿಸಿಕೊಂಡರು.

ಅಳಿವೆಯ ಬಾಯಿ ದಾಟಿ ಕೂರ್ಮಗಡದ ಕಡೆಗೆ ಸ್ವಲ್ಪ ದೂರ ಸಾಗಿದ ಮೇಲೆ ಅವರು ಯಂತ್ರ ನಿಲ್ಲಿಸಿದರು. ಅತ್ತೆ ಅಂಗೈಯನ್ನು ನೀರಿನಲ್ಲಿ ಅದ್ದಿ ನಾಲಗೆಗೆ ಮುಟ್ಟಿಸಿಕೊಂಡು, “ನಿಜವಾಗಿಯೂ ಉಪ್ಪು!” ಎಂದರು. ಅನಂತರ ಯಾರೂ ಮಾತನಾಡಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ದೂರದಲ್ಲಿ ಎರಡು ದೋಣಿಗಳು ಏನನ್ನೋ ಅಟ್ಟುತ್ತ ಅರ್ಧಚಂದ್ರಾಕಾರದಲ್ಲಿ ತಿರುಗುತ್ತಿದ್ದವು. ಅವುಗಳಿಂದ ಕೇಕೆ ಕೇಳಿಬಂತು. ಮಗನ ಮುಖ ಸಣ್ಣದಾಯಿತು. “ನಾವೂ ಅಲ್ಲಿಗೆ ಹೋಗೋಣವೇ?” ಎಂದು ಯಜಮಾನರು ಮೆಲ್ಲಗೆ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ದೋಣಿಯವರು ಬೇಡವೆಂದು ಕೈಯಾಡಿಸಿದರು.

ಮೊದಲು ಕೇಳಿಸಿದ್ದು ಉಸಿರು. ಹಿಂದೆ ಯಾರೋ ದೀರ್ಘವಾಗಿ ನಿಟ್ಟುಸಿರಿಟ್ಟಂತೆ, ‘ಫೂಃ’ ಎಂದು. ತಿರುಗುವಷ್ಟರಲ್ಲಿ ನೀರು ಮುಚ್ಚಿಕೊಂಡಿತ್ತು. ಮತ್ತೊಮ್ಮೆ, ಈಗ ಎಡಕ್ಕೆ: ಉದ್ದನೆಯ ಮೂತಿ, ಬೂದು ದಿಣ್ಣೆ, ಚಿಕ್ಕ ರೆಕ್ಕೆ, ಕೊನೆಗೆ ಬಾಲ. ಗಾಡಿಯ ಚಕ್ರದ ಮೇಲ್ಭಾಗ ಮಾತ್ರ ನೀರಿನ ಮೇಲೆ ಉರುಳಿದಂತೆ. ನೆಗೆತವಿಲ್ಲ, ಆಟವಿಲ್ಲ, ತನ್ನ ಕೆಲಸದ ಮೇಲೆ ಹೊರಟ ಗೃಹಸ್ಥನ ನಡಿಗೆ. ಅದರ ಮಗ್ಗುಲಲ್ಲಿ ತಿಳಿಬಣ್ಣದ ಸಣ್ಣ ಬೆನ್ನೊಂದು ತಾಯಿಯೊಡನೆ ಏಳುತ್ತ, ತಾಯಿಯೊಡನೆ ಮುಳುಗುತ್ತ ಹೋಯಿತು. ನಮ್ಮ ದೋಣಿಯ ಗೊಡವೆಯೇ ಅವಕ್ಕಿರಲಿಲ್ಲ. ಸುಮಾರು ಕಾಲು ಗಂಟೆ ನದೀಮುಖದ ಕೆಸರುನೀರಿನ ಅಂಚಿನಲ್ಲಿ ಬೇಟೆಯಾಡಿ ದ್ವೀಪದ ಆಚೆಗೆ ಮರೆಯಾದವು. ನನ್ನ ಚೀಲದಲ್ಲಿದ್ದ ಕ್ಯಾಮೆರಾ ಚೀಲದಲ್ಲೇ ಉಳಿಯಿತು.

ಹಗಲಿನ ಉಳಿದ ಭಾಗಕ್ಕೆ ಕಾರವಾರದಲ್ಲಿ ಕೊರತೆಯಿಲ್ಲ. ಡಾಲ್ಫಿನ್ ಕಾಣದೆ ಹೋಗಿದ್ದರೂ ಬೇಸರವಾಗದಂತೆ ದಿನವನ್ನು ಮೊದಲೇ ಹೊಂದಿಸಿಟ್ಟಿದ್ದೆವು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ 1883ರಲ್ಲಿ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಈ ಕಡಲ ಮಗ್ಗುಲಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ಪಟ್ಟಣದ ಕಡಲತೀರಕ್ಕೆ ಅವರದೇ ಹೆಸರು. ತೀರದಲ್ಲಿ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆಯನ್ನು ಮಗ ಮೂರು ಸಲ ಸುತ್ತಿದ. ಅತ್ತೆ ಮಾತ್ರ ಮರಳಿನ ಮೇಲೆ ಕುಳಿತವರು ಏಳಲಿಲ್ಲ. ಅಲೆ ಬಂದು ಪಾದ ತೋಯಿಸಿ ಹೋಗುತ್ತಿತ್ತು. ಮಂಡಿಯ ನೋವಿನ ಮಾತು ಅಂದು ಅವರ ಬಾಯಲ್ಲಿ ಬರಲಿಲ್ಲ.

ಸಂಜೆ ಶಿರವಾಡದ ನಿಲ್ದಾಣದಲ್ಲಿ ಗಾಡಿಗೆ ಇನ್ನೂ ಹೊತ್ತಿತ್ತು. ಮಗಳು ನೋಟುಪುಸ್ತಕ ತೆಗೆದು ‘ಮೂರು ಡಾಲ್ಫಿನ್’ ಎಂದು ಬರೆದಳು. ಏಳೆಂದು ಮಗ ವಾದಿಸಿದ. ಒಂದೇ ಬೆನ್ನು ಏಳು ಸಲ ಎದ್ದಿರಬಹುದೆಂದು ಯಜಮಾನರ ತೀರ್ಪು. ಅಜ್ಜಿಯನ್ನು ಕೇಳಿದರು. “ನಾನು ನೋಡಿದ್ದು ಎರಡೇ. ತಾಯಿ, ಮಗು” ಎಂದು ಅವರು ಸೀರೆಯ ನೆರಿಗೆಯಿಂದ ಮರಳು ಕೊಡವತೊಡಗಿದರು. ಗಾಡಿ ಬರುವವರೆಗೂ ಆ ಜಗಳ ತೀರಲಿಲ್ಲ.